ಹಾಲ್ ಮತ್ತು ಅಡುಗೆಮನೆಯ ನಡುವಿನ ಗೋಡೆ ತೆಗೆಸಲು ಬೀಮ್ ಡಿಸೈನ್: ತುಮಕೂರಿನ ಎಂಜಿನಿಯರ್ ಒಬ್ಬರ ಸೇವೆ

ತುಮಕೂರಿನ ಶೆಟ್ಟಿಹಳ್ಳಿ ಕಡೆ ಇರುವ ನಮ್ಮ ಮನೆಯನ್ನು ತಂದೆಯವರು 1991ರಲ್ಲಿ ಕಟ್ಟಿಸಿದ್ದರು. ಅದಕ್ಕೆ ಪಿಲ್ಲರ್‌ಗಳಿಲ್ಲ; ತಾರಸಿಯ ಭಾರವನ್ನೆಲ್ಲ 9 ಇಂಚಿನ ಇಟ್ಟಿಗೆ ಗೋಡೆಗಳೇ ಹೊತ್ತಿವೆ. ಹಿತ್ತಲಿನ ಕಡೆಗೆ ಹೊಸ ಅಡುಗೆಮನೆ ಕಟ್ಟಿಸಿ, ಹಳೆಯದನ್ನು ಹಾಲ್‌ಗೆ ಸೇರಿಸಿಕೊಳ್ಳಲು ನಡುವಿನ 14 ಅಡಿ ಗೋಡೆಯನ್ನು ತೆಗೆಸಬೇಕಾಯಿತು. ಆ ಗೋಡೆಯ ಬದಲು ತಾರಸಿಯ ಭಾರ ಹೊರುವ ಬೀಮ್ (ತೊಲೆ) ಹಾಕಿಸಲು ನಗರದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಡಿಸೈನ್ ಮಾಡಿಸಿದೆವು. ತಕರಾರುಗಳೂ ಇರುವುದರಿಂದ ಅವರ ಹೆಸರನ್ನು ಇಲ್ಲಿ ಹಾಕಿಲ್ಲ.

ಅವರ ಬಳಿ ಹೋಗಲು ಕಾರಣ ನಮ್ಮ ಮೇಸ್ತ್ರಿ. 9 ಇಂಚು ಅಗಲ, 1 ಅಡಿ ಎತ್ತರದ ಕಾಂಕ್ರೀಟ್ ಬೀಮ್‌ಗೆ 12 ಎಂಎಂ ಕಂಬಿ ನಾಲ್ಕು ಹಾಕಿದರೆ "ಬಂಡೆ ಥರ ನಿಲ್ಲುತ್ತೆ ಸಾರ್" ಎಂದು ಅವರು ಹೇಳಿದ್ದರು. ಬಾಗುವಿಕೆಯನ್ನು ತಡೆಯಬೇಕಾದದ್ದು ಅಡಿಭಾಗದ ಎರಡೇ ಕಂಬಿಗಳು, ಅವು ಬೇಕಾದ ಬಲದ ಮೂರನೆಯ ಒಂದು ಪಾಲನ್ನೂ ಕೊಡಲಾರವು ಎಂಬುದನ್ನು ಎಂಜಿನಿಯರ್ ಲೆಕ್ಕ ಹಾಕಿ ತೋರಿಸಿದ ಮೇಲೆ ಮೇಸ್ತ್ರಿ ಸುಮ್ಮನಾದರು.

ಸ್ಥಳಕ್ಕೆ ಬಂದ ಎಂಜಿನಿಯರ್ ಮೊದಲು ಕೇಳಿದ್ದು ಬೀಮ್ ಬಗ್ಗೆ ಅಲ್ಲ, ಮುಂದೆ ಮೇಲೆ ಮನೆ ಕಟ್ಟುವ ಯೋಚನೆ ಇದೆಯೇ ಎಂದು. ಮೇಲೊಂದು ಗೋಡೆ ಮತ್ತು ತಾರಸಿ ಬಂದರೆ ಈ ಬೀಮ್ ಹೊರಬೇಕಾದ ಭಾರ ದುಪ್ಪಟ್ಟಿಗೂ ಹೆಚ್ಚಾಗುತ್ತದೆಯಂತೆ. "ಹಪ್ಪಳ ಒಣಗಿಸೋಕೆ ಜಾಗ ಇದ್ದರೆ ಸಾಕಪ್ಪ" ಎಂದು ಅಮ್ಮ ಹೇಳಿದ್ದನ್ನು ಅವರು ನಗುತ್ತಲೇ ಬರೆದುಕೊಂಡರು, ಆದರೆ "ಮೇಲಂತಸ್ತು ಇಲ್ಲ" ಎಂಬ ಸಾಲಿನ ಕೆಳಗೆ ನನ್ನ ಸಹಿ ಹಾಕಿಸಿಕೊಳ್ಳುವುದನ್ನು ಮರೆಯಲಿಲ್ಲ.

ಹಾಲ್‌ನ ಅಗಲ 12 ಅಡಿ, ಹಳೆಯ ಅಡುಗೆಮನೆಯದು 10 ಅಡಿ. ಎರಡರ ಅರ್ಧರ್ಧ ತಾರಸಿ ಈ ಗೋಡೆಯ ಪಾಲಿಗೆ ಬರುತ್ತದೆ. 5 ಇಂಚಿನ ಸ್ಲ್ಯಾಬ್, ಅದರ ಮೇಲಿನ ಗಾರೆ, ಜನರ ಓಡಾಟ ಎಲ್ಲ ಸೇರಿ ಒಟ್ಟು ಸುಮಾರು 10 ಟನ್, ಅಂದರೆ ಒಂದೊಂದು ತುದಿಗೆ 5 ಟನ್. ಹಳೆಯ ಸ್ಲ್ಯಾಬ್‌ನ ಅಡಿಯಲ್ಲಿ ಕಾಂಕ್ರೀಟ್ ಸುರಿಯುವುದು ಕಷ್ಟ, ಸುರಿದರೂ ಅದು ಒಣಗಿ ಕುಗ್ಗಿದಾಗ ಮೇಲೆ ಸಂದು ಉಳಿಯುತ್ತದೆ ಎಂಬ ಕಾರಣಕ್ಕೆ ಅವರು ಉಕ್ಕಿನ ಐ ಬೀಮ್ (ತುದಿಯಿಂದ ನೋಡಿದರೆ ಇಂಗ್ಲಿಷಿನ I ಅಕ್ಷರದಂತೆ ಕಾಣುವ ತೊಲೆ) ಸೂಚಿಸಿದರು. 250 ಎಂಎಂ ಎತ್ತರದ ಬೀಮ್ ಬಲದ ಲೆಕ್ಕದಲ್ಲಿ ಸಾಕಾಗುತ್ತಿತ್ತು, ಆದರೆ ನಡುವೆ 11 ಎಂಎಂ ಬಾಗುತ್ತಿತ್ತು. 300ರದ್ದು ಹಾಕಿದರೆ ಬಾಗು 7 ಎಂಎಂ ಒಳಗೆ ನಿಲ್ಲುತ್ತದೆ, ಹೆಚ್ಚಾಗುವುದು 40 ಕಿಲೋ ಆಸುಪಾಸಿನ ಉಕ್ಕು ಮಾತ್ರ. ಬಿರುಕು ಬಿಟ್ಟ ಪ್ಲಾಸ್ಟರನ್ನು ಮತ್ತೆ ಮತ್ತೆ ಮೆತ್ತಿಸುವುದಕ್ಕಿಂತ ಇದು ಅಗ್ಗವೆಂದು ನಾವೂ ಒಪ್ಪಿದೆವು.

ಬೀಮ್‌ನ ತುದಿಗಳನ್ನು ನೇರವಾಗಿ ಇಟ್ಟಿಗೆಯ ಮೇಲೆ ಕೂರಿಸಲು ಅವರು ಬಿಡಲಿಲ್ಲ. ಅಂಗೈಯಷ್ಟು ಜಾಗದ ಮೇಲೆ 5 ಟನ್ ಬಿದ್ದರೆ ಹಳೆಯ ಇಟ್ಟಿಗೆ ಪುಡಿಯಾಗುತ್ತದೆ, ಆದ್ದರಿಂದ ಪ್ರತಿ ತುದಿಯ ಕೆಳಗೂ ಗೋಡೆಯ ಉದ್ದಕ್ಕೆ 2 ಅಡಿಯ, ಭಾರವನ್ನು ಹರಡುವ ಕಾಂಕ್ರೀಟ್ ಬೆಡ್ ಬ್ಲಾಕ್ ಹಾಕಿಸಿದರು. ಸ್ಲ್ಯಾಬ್ ಎರಡೂ ಕಡೆಯಿಂದ ಗೋಡೆಯ ಮೇಲೆ ಕೂತಿರುವುದರಿಂದ, ಗೋಡೆ ತೆಗೆಯುವಾಗ ಅದನ್ನು ತಾತ್ಕಾಲಿಕವಾಗಿ ಎತ್ತಿಹಿಡಿಯುವ ಜಾಕಿಗಳನ್ನು ಎರಡೂ ಕಡೆ ಕೊಡಬೇಕು, ಬೀಮ್ ಮತ್ತು ಸ್ಲ್ಯಾಬ್ ನಡುವಿನ ಸಂದಿಗೆ ತುಂಬಿದ ಗ್ರೌಟ್ (ಸಿಮೆಂಟ್ ಮಿಶ್ರಣ) ಗಟ್ಟಿಯಾಗುವವರೆಗೆ ಒಂದನ್ನೂ ಅಲುಗಿಸಬಾರದು ಎಂದು ನಕ್ಷೆಯಲ್ಲೇ ಬರೆದಿದ್ದರು. ಅಂತರಸನಹಳ್ಳಿಯಿಂದ ತರಿಸಿದ 220 ಕಿಲೋ ಬೀಮ್ ನಮ್ಮ ಗಲ್ಲಿಗೆ ಬರುವಾಗ ಟೆಂಪೋ ತಿರುಗದೆ, ಎಂಟು ಜನ ಹೆಗಲು ಕೊಟ್ಟು ಹೊತ್ತು ತಂದರು.

ಈಗ ತಕರಾರುಗಳು. ನಾಲ್ಕು ದಿನದಲ್ಲಿ ಕೊಡುತ್ತೇನೆಂದ ನಕ್ಷೆ ಹದಿನೇಳನೆಯ ದಿನ ಬಂತು. ಅಷ್ಟೂ ದಿನ ಬಾಡಿಗೆಗೆ ತಂದ ಜಾಕಿಗಳು ಅಂಗಳದಲ್ಲಿ ಬಿದ್ದಿದ್ದವು. ಅಳತೆಗಳೆಲ್ಲ ಮಿಲಿಮೀಟರ್‌ನಲ್ಲಿದ್ದವು, ನಮ್ಮ ವೆಲ್ಡರ್‌ಗೆ ಅಡಿ ಮತ್ತು ಇಂಚು ಬಿಟ್ಟರೆ ಬೇರೆ ಗೊತ್ತಿಲ್ಲ, ಹಾಗಾಗಿ ಒಂದು ರಾತ್ರಿ ಕೂತು ನಾನೇ ಅಷ್ಟನ್ನೂ ಬದಲಿಸಿ ಬರೆದೆ. ಅದಕ್ಕಿಂತ ದೊಡ್ಡ ಲೋಪವೆಂದರೆ, ತೆಗೆಯಬೇಕಿದ್ದ ಗೋಡೆಯೊಳಗೆ ವೈರಿಂಗ್ ಪೈಪೂ ಅಡುಗೆಮನೆಯ ನೀರಿನ ಪೈಪೂ ಹಾದುಹೋಗಿದ್ದನ್ನು ನಕ್ಷೆಯಲ್ಲಿ ಗುರುತಿಸಿರಲಿಲ್ಲ. ಗೋಡೆ ಒಡೆಯುವಾಗ ನೀರು ಚಿಮ್ಮಿ ಹಾಲ್ ಕೆರೆಯಾಯಿತು. ಅದು ತಮ್ಮ ವ್ಯಾಪ್ತಿಯ ಕೆಲಸವಲ್ಲ ಎಂಬ ಅವರ ಉತ್ತರ ಕಾಗದದ ಮೇಲೆ ಸರಿಯಿರಬಹುದು, ಆದರೂ ಮನೆ ನೋಡಲು ಬಂದಾಗ ಒಂದು ಮಾತು ಹೇಳಬಹುದಿತ್ತು.

ಡಿಸೈನ್‌ಗೆ 12,000 ರೂಪಾಯಿ ತೆಗೆದುಕೊಂಡರು. ಮೊದಲ ಭೇಟಿ ಅದರಲ್ಲೇ ಸೇರಿತ್ತು, ನಂತರದ ಪ್ರತಿ ಭೇಟಿಗೆ 1,500. ಗ್ರೌಟ್ ಗಟ್ಟಿಯಾದ ಮೇಲೆ ಜಾಕಿ ಇಳಿಸುವ ದಿನ ಹಣ ಕೊಟ್ಟೇ ಮತ್ತೆ ಕರೆಸಿದೆವು. ಅವರು ಜಾಕಿಗಳನ್ನು ನಡುವಿನಿಂದ ತುದಿಗಳತ್ತ ಒಂದೊಂದಾಗಿ ಸಡಿಲಿಸಿ, ಬೀಮ್‌ನ ಈ ತುದಿಯಿಂದ ಆ ತುದಿಗೆ ನೂಲು ಬಿಗಿದು ಅಳತೆಪಟ್ಟಿ ಹಿಡಿದರು. ತಾರಸಿಯ ಖಾಲಿ ತೂಕಕ್ಕೆ ಲೆಕ್ಕದಲ್ಲಿ ಬಂದಿದ್ದ ಬಾಗು 5 ಎಂಎಂ. ನೂಲಿನ ಅಡಿಯಲ್ಲಿ ಸಿಕ್ಕಿದ್ದು 4.