ಹೊಸ ಬೋರ್ಡ್ ಸರಿಯಾಗಿ ಓಡುವ ತನಕ ಹಳೇ ಕಾರ್ಡ್ ಅಳಿಸಲು ಬಿಡಬೇಡಿ

ಮನೆಯ ಲೈಟು, ಮೋಟರ್‌ಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರನ್ನು ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್‌ನಿಂದ ಪೈ 5ಕ್ಕೆ ಬದಲಿಸಲು ಹೊರಟವರು ದಯವಿಟ್ಟು ಇದನ್ನು ಓದಿ. ನಮ್ಮ ಮನೆಯಲ್ಲಿ ಈ ಕೆಲಸ ಪೂರ್ತಿ ಹದಗೆಟ್ಟಿತು.

ಮೊದಲು ಸಿಸ್ಟಂ ಹಾಕಿಕೊಟ್ಟಿದ್ದ ಟೆಕ್ನಿಷಿಯನ್ನೇ ಬಂದು ಬೋರ್ಡ್ ಬದಲಿಸಿದರು. ಇಡೀ ಸಿಸ್ಟಂ ಇದ್ದ ಎಸ್‌ಡಿ ಕಾರ್ಡ್ ಬದಲು ಯುಎಸ್‌ಬಿ ಎಸ್‌ಎಸ್‌ಡಿ (ಹೊರಗಿಂದ ಜೋಡಿಸುವ ಡಿಸ್ಕ್) ಹಾಕಿದರು. ಚಾರ್ಜರ್ ಮಾತ್ರ ಹಳೆಯದೇ, 3 ಆಂಪಿಯರ್‌ದು. ಲೈಟುಗಳು ಉರಿದವು, ಮೊಬೈಲ್‌ನಲ್ಲಿ ಎಲ್ಲ ಕಾಣಿಸಿತು. ಅಲ್ಲೇ ಕೂತು ಹಳೇ ಕಾರ್ಡನ್ನು ಫಾರ್ಮ್ಯಾಟ್ ಮಾಡಿ, ಬೇರೆ ಕಡೆ ಬೇಕು ಅಂತ ಜೇಬಿಗೆ ಹಾಕಿಕೊಂಡು ಹೋದರು.

ಪೈ 5ಕ್ಕೆ 5 ಆಂಪಿಯರ್ ಚಾರ್ಜರ್ ಬೇಕು. ಅದಿಲ್ಲದಿದ್ದರೆ ಯುಎಸ್‌ಬಿಯಿಂದ ಬೂಟ್ ಆಗಲು (ಶುರುವಾಗಲು) ಬೋರ್ಡ್ ಒಪ್ಪುವುದೇ ಇಲ್ಲ, ಸ್ಕ್ರೀನ್ ಮೇಲೇ ಹೇಳುತ್ತದೆ. ಇವರು ಕಾನ್ಫಿಗ್ ಫೈಲ್‌ನಲ್ಲಿ ಒಂದು ಸಾಲು ಸೇರಿಸಿ ಆ ತಡೆಯನ್ನೇ ತೆಗೆದಿದ್ದರು. ಲೋಡ್ ಜಾಸ್ತಿಯಾದಾಗ ವೋಲ್ಟೇಜ್ ಕುಸಿದು ಎಸ್‌ಎಸ್‌ಡಿ ಕಳಚಿಕೊಳ್ಳುತ್ತಿತ್ತು. ಹಾಗೇ ಆಗಿ ಆಗಿ ಒಂದು ಸಂಜೆ ಡಿಸ್ಕ್‌ನ ಫೈಲ್ ಸಿಸ್ಟಂ ಹಾಳಾಯಿತು, ಪೈ ಬಾಕ್ಸ್ ಮತ್ತೆ ಏಳಲಿಲ್ಲ. ಆ ಹೊತ್ತಿಗೆ ಸಂಪಿನ ಮೋಟರ್ ಓಡುತ್ತಿತ್ತು. ಅದನ್ನು ನಿಲ್ಲಿಸಬೇಕಾದದ್ದು ಇದೇ ಬಾಕ್ಸ್. ಟ್ಯಾಂಕ್ ತುಂಬಿ ಹರಿದು, ಟೆರೇಸಿಂದ ನೀರು ಮೆಟ್ಟಿಲಿಗೆ ಇಳಿದ ಮೇಲೆ ಅಮ್ಮ ನೋಡಿ ಎಂಸಿಬಿ ಇಳಿಸಿದರು.

ಬ್ಯಾಕಪ್ ಇತ್ತು, ಗೂಗಲ್ ಡ್ರೈವ್‌ನಲ್ಲಿ ದಿನಾ ಹೋಗಿ ಕೂತಿತ್ತು. ಆದರೆ ತೆರೆಯಲಾಗಲಿಲ್ಲ. 2025ರ ಜನವರಿ ಆವೃತ್ತಿಯಿಂದ ಹೋಮ್ ಅಸಿಸ್ಟೆಂಟ್ ತನ್ನ ಬ್ಯಾಕಪ್‌ಗಳನ್ನು ತಾನೇ ಎನ್‌ಕ್ರಿಪ್ಟ್ ಮಾಡುತ್ತದೆ, ಅಂದರೆ ಕೀ ಇಲ್ಲದೆ ತೆರೆಯದ ಹಾಗೆ ಬೀಗ ಹಾಕುತ್ತದೆ. ಅದರ ಕೀ 'ಎಮರ್ಜೆನ್ಸಿ ಕಿಟ್' ಅನ್ನೋ ಫೈಲ್‌ನಲ್ಲಿರುತ್ತದೆ. ಸಿಸ್ಟಂ ಓಡುತ್ತಿರುವಾಗ ಬ್ಯಾಕಪ್ ಸೆಟ್ಟಿಂಗ್ಸ್‌ನಿಂದ ಅದನ್ನು ಇಳಿಸಿಕೊಳ್ಳಬಹುದು. ಸಿಸ್ಟಂ ಸತ್ತ ಮೇಲೆ ಯಾರನ್ನು ಕೇಳೋದು? ಟೆಕ್ನಿಷಿಯನ್‌ಗೆ ಫೋನ್ ಮಾಡಿದರೆ 'ನನ್ನ ಹತ್ರ ಇಲ್ಲ ಸರ್' ಅಂದರು. ಆ ಕೀ ಮನೆಯವರ ಕೈಗೆ ಕೊಡೋದು ಅವರ ಕೆಲಸವಾಗಿತ್ತು, ಅಲ್ವಾ? ಇವತ್ತಿಗೂ ನನಗೆ ಅದೇ ಸಿಟ್ಟು.

ಕೊನೆಗೆ ತಮ್ಮನ ಲ್ಯಾಪ್‌ಟಾಪ್‌ನಲ್ಲಿ 2024ರ ಒಂದು ಹಳೇ ಬ್ಯಾಕಪ್ ಸಿಕ್ಕಿತು. ಪಾಸ್‌ವರ್ಡ್ ಇಲ್ಲದ್ದು. ಸರಿಯಾದ 27 ವಾಟ್ ಚಾರ್ಜರ್ ತಂದು, ಹೊಸದಾಗಿ ಇನ್‌ಸ್ಟಾಲ್ ಮಾಡಿ ಅದನ್ನೇ ಹಾಕಿದೆವು. ಬಲ್ಬು, ಸೆನ್ಸರ್‌ಗಳ ಜೊತೆ ವೈರ್‌ಲೆಸ್ ಆಗಿ ಮಾತಾಡುವ ಜಿಗ್‌ಬಿ ಸ್ಟಿಕ್ ಹಳೆಯದೇ ಆದ್ದರಿಂದ ನೆಟ್‌ವರ್ಕ್ ಅದರೊಳಗೇ ಉಳಿದಿತ್ತು, ಹಳೇ ಬಲ್ಬುಗಳು ಸುಮ್ನೆ ಬಂದುಬಿಟ್ಟವು. ಆ ಬ್ಯಾಕಪ್ ಆದಮೇಲೆ ಸೇರಿಸಿದ್ದ ಸೆನ್ಸರ್‌ಗಳನ್ನೆಲ್ಲ ಏಣಿ ಹತ್ತಿ, ಒಂದೊಂದರ ಬಟನ್ ಒತ್ತಿ ಮತ್ತೆ ಪೇರ್ ಮಾಡಬೇಕಾಯಿತು. ಈಚೆಗೆ ಬರೆದಿದ್ದ ಆಟೊಮೇಷನ್‌ಗಳು ಹೋದವು.

ಯಾರನ್ನಾದರೂ ಕರೆಸುವ ಮುಂಚೆ ಎಮರ್ಜೆನ್ಸಿ ಕಿಟ್ ಇಳಿಸಿ ಪ್ರಿಂಟ್ ತೆಗೆದಿಡಿ. ಹಳೇ ಕಾರ್ಡ್ ನಿಮ್ಮ ಹತ್ರವೇ ಇರಲಿ, ಹೊಸದು ಕೆಲವು ವಾರ ತೊಂದರೆಯಿಲ್ಲದೆ ಓಡಲಿ. ಮೋಟರ್‌ಗೆ ನಾವೀಗ ಫ್ಲೋಟ್ ಸ್ವಿಚ್ ಬೇರೆಯಾಗಿ ಹಾಕಿಸಿದ್ದೇವೆ. ಬಾಕ್ಸ್ ಇದ್ದರೂ ಇಲ್ಲದಿದ್ದರೂ ಟ್ಯಾಂಕ್ ತುಂಬಿದ ಕೂಡಲೇ ಮೋಟರ್ ನಿಲ್ಲುತ್ತದೆ.