ಗಿಡುಗ ಎಣಿಸಲು ಹಾಕ್ ಮೌಂಟನ್ನೋ, ವೆರಾಕ್ರೂಸೋ?

ವಲಸೆ ಹೋಗುವ ಗಿಡುಗಗಳನ್ನು ಮೊದಲ ಸಲ ಎಣಿಸುವವರಿಗೆ ನಾನು ಹೇಳುವುದು ಅಮೆರಿಕದ ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್. 1934ರಿಂದ ಇದು ರಕ್ಷಿತ ಜಾಗ. ಅದಕ್ಕೂ ಮುಂಚೆ ಜನ ಇದೇ ಬಂಡೆಗಳ ಮೇಲೆ ನಿಂತು ಗಿಡುಗಗಳಿಗೆ ಗುಂಡು ಹೊಡೆಯುತ್ತಿದ್ದರು. ನೆನೆದರೆ ಈಗಲೂ ಸಂಕಟವಾಗುತ್ತದೆ. ಇಲ್ಲಿ ಗಾಳಿ ಬೆಟ್ಟದ ಸಾಲಿಗೆ ಬಡಿದು ಮೇಲೇಳುತ್ತದೆ. ಅದರ ಮೇಲೆ ತೇಲುತ್ತಾ ಎಷ್ಟೋ ಹಕ್ಕಿಗಳು ಒಂಟೊಂಟಿಯಾಗಿ ಬರುತ್ತವೆ, ಕೆಲವು ನಮ್ಮ ಕಣ್ಣಿನ ಮಟ್ಟದಲ್ಲೇ. ರೆಕ್ಕೆಯ ಆಕಾರ, ಬಾಲದ ಪಟ್ಟೆ ನೋಡಿ ಜಾತಿ ಗುರುತಿಸಲು ಪುರುಸೊತ್ತು ಸಿಗುತ್ತದೆ. ಕಲಿಯಲು ಇದೇ ಬೇಕು, ಅಲ್ವಾ?

ಮೆಕ್ಸಿಕೋದ ವೆರಾಕ್ರೂಸ್‌ನಲ್ಲಿ ಸಂಖ್ಯೆಯೇ ದಂಗುಬಡಿಸುತ್ತದೆ. ಬೆಟ್ಟಕ್ಕೂ ಕಡಲಿಗೂ ನಡುವಿನ ಕಿರಿದಾದ ಬಯಲಿನ ಮೇಲೆ ಒಂದು ಸೀಸನ್‌ನಲ್ಲಿ ಲಕ್ಷಗಟ್ಟಲೆ ಗಿಡುಗ, ರಣಹದ್ದು ಹಾದುಹೋಗುತ್ತವೆ. ನೆಲದಿಂದ ಮೇಲೇಳುವ ಬಿಸಿಗಾಳಿಯಲ್ಲಿ ಗಿರಕಿ ಹೊಡೆಯುವ ಗುಂಪನ್ನು ಸುಮ್ನೆ ಎಣಿಸಲು ಹೋಗಬೇಡಿ, ಲೆಕ್ಕ ತಪ್ಪುತ್ತದೆ. ಅವು ಮೇಲೇರಿ, ಗುಂಪಿನಿಂದ ಕಳಚಿಕೊಂಡು ಸಾಲಾಗಿ ಜಾರಲು ಶುರುಮಾಡುವವರೆಗೆ ಕಾಯಿರಿ. ಆಗ ಹತ್ತು, ಐವತ್ತು, ನೂರರ ಕಂತೆಗಳಲ್ಲಿ ಕ್ಲಿಕ್ಕರ್ (ಒತ್ತಿದಾಗೆಲ್ಲ ಎಣಿಕೆ ಒಂದೊಂದೇ ಏರಿಸುವ ಪುಟ್ಟ ಕೈಯಂತ್ರ) ಒತ್ತುತ್ತಾ ಹೋಗಿ. ಪಕ್ಕದಲ್ಲಿ ಬರೆದುಕೊಳ್ಳುವವರು ಒಬ್ಬರಿದ್ದರೆ ಒಳ್ಳೆಯದು.

ಹಾಕ್ ಮೌಂಟನ್‌ಗೆ ಸೆಪ್ಟೆಂಬರ್ ನಡುವಿನಲ್ಲಿ ಹೋಗಿ. ವೆರಾಕ್ರೂಸ್‌ಗಾದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ.