ಸಪ್ತಾಪುರದ ಕಡೆ ರಜಾದಾಗ ಸಾಮಾನ ಇಡೂ ಗೋಡೌನ್: ಬಾಳ ಛಲೋ ಐತಿ, ಒಂದೆರಡು ಮಾತು ಮಾತ್ರ ಹೇಳಬೇಕು

ಸೆಮಿಸ್ಟರ್ ಪರೀಕ್ಷಾ ಮುಗೀತಂದ್ರ ಧಾರವಾಡದಾಗ ಹೊರಗಿನೂರಿನ ಹುಡುಗ್ರಿಗೆಲ್ಲಾ ಒಂದ ಚಿಂತಿ, ಈ ಗಾದಿ, ಟ್ರಂಕು, ಪುಸ್ತಕದ ಡಬ್ಬಿ, ಕೂಲರ್ ಎಲ್ಲಿ ಇಡೂದು ಅಂತ. ಹಾಸ್ಟೆಲ್‌ನವ್ರು ಖೋಲಿ ಖಾಲಿ ಮಾಡ್ರಿ ಅಂತಾರ, ಪಿಜಿದಾಗ ಬಿಟ್ಟು ಹೋದ್ರ ರಜಾದ ಬಾಡಿಗಿ ಪೂರಾ ಕೊಡಬೇಕು, ಅದ್ರಾಗ ಸಪ್ತಾಪುರಕ್ಕ ಕೆಎಎಸ್ಸು ಪಿಎಸ್ಐ ಕೋಚಿಂಗಿಗೆ ಹುಡುಗ್ರು ಬರತಾನ ಇರ್ತಾರ, ಹಿಂಗಾಗಿ ಖಾಲಿ ಖೋಲಿ ಯಾರೂ ಸುಮ್ನ ಇಟ್ಕೊಳ್ಳೂದಿಲ್ಲ. ನಮ್ಮೂರು ಸಿಂದಗಿ ಕಡೆ, ಅಲ್ಲೀತನ ಬಸ್ಸಿನ್ಯಾಗ ಗಾದಿ ಹೊತ್ಕೊಂಡು ಹೋಗೂದು ಆಗೂ ಮಾತಲ್ಲ. ಟ್ರೇನ್‌ನ್ಯಾಗ ಸ್ಲೀಪರಿಗೆ 40 ಕೆಜಿ ತನಕ ಫ್ರೀ ಐತಿ ಖರೆ, ಆದ್ರ ಗಾದಿದು ತೂಕ ಅಲ್ಲ, ಗಾತ್ರನ ತ್ರಾಸು. ಹುಬ್ಬಳ್ಳಿ ಸ್ಟೇಷನ್ ಕ್ಲೋಕ್‌ರೂಮ್ ಕೇಳ್ತೀರಿ ಅಂದ್ರ, ಅದು ಟಿಕೆಟ್ ಇದ್ದ ಪ್ರಯಾಣಿಕರಿಗೆ, ಕೀಲಿ ಹಾಕಿದ ಬ್ಯಾಗ್ ದಿನದ ಲೆಕ್ಕದಾಗ ಇಡಾಕ. ರಜಾಪೂರ್ತಿ ಸಂಸಾರ ಇಡೂ ಜಾಗಾ ಅಲ್ಲ.

ನಾನು ಈ ಸಲ ಇಟ್ಟಿದ್ದು ಸಪ್ತಾಪುರದಿಂದ ಶ್ರೀನಗರ ಸರ್ಕಲ್ ಕಡೆ ಹೋಗೂವಾಗ ಒಳಗಿನ ಓಣಿಯಾಗ ಇರೂ ಒಂದು ಹಳೇ ಗೋಡೌನ್‌ನ್ಯಾಗ. ಬೋರ್ಡ್ ಸುದ್ದಾ ಇಲ್ಲ, ಸೀನಿಯರ್ ಅಕ್ಕಾರು ಹೇಳಿದ್ದಕ್ಕ ಗೊತ್ತಾತು. ಮೊದ್ಲ ಅದು ಕಾಳಿನ ಗೋಡೌನ್ ಆಗಿತ್ತಂತ, ಕಡ್ಲಿ, ಹೆಸರು, ಶೇಂಗಾ ಚೀಲ ಒಟ್ತಿದ್ರಂತ. ನನಗ ಬಾಳ ಸೇರಿದ್ದು ಇದ ನೋಡ್ರಿ, ಯಾಕಂದ್ರ ಕಾಳು ಇಟ್ಟವ್ರಿಗೆ ತೇವ ಅಂದ್ರ ಏನು, ಇಲಿ ಅಂದ್ರ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ನೆಲದ ಮ್ಯಾಲ ಒಂದು ಸಾಮಾನನೂ ಇಡೂದಿಲ್ಲ, ಎಲ್ಲಾ ಕಟಗಿ ಹಲಗಿ ಮ್ಯಾಲ, ಗ್ವಾಡಿಗೂ ಸಾಮಾನಿಗೂ ನಡಕ ಒಬ್ಬ ಮನಿಷಾ ಅಡ್ಡಾಡೂವಷ್ಟು ಜಾಗಾ ಬಿಟ್ಟಿರ್ತಾರ. ನೆಲದಿಂದ, ಗ್ವಾಡಿಯಿಂದ ತೇವ ಏರೂದಿಲ್ಲ, ಗೆದ್ದಲ ಹತ್ತಿದ್ರೂ ಮಣ್ಣಿನ ಗೆರಿ ಕಣ್ಣಿಗೆ ಬೀಳ್ತೈತಿ.

ಇದು ಯಾಕ ಇಷ್ಟು ಮುಖ್ಯ ಅಂದ್ರ, ರಜಾ ಅಂತೂ ಬ್ಯಾಸಿಗಿದು, ಆದ್ರ ನಾವು ವಾಪಸ್ ಬರೂದರಾಗ ಧಾರವಾಡದಾಗ ಮಳಿ ಹಿಡದಿರ್ತೈತಿ. ಮೇ ತಿಂಗಳದಾಗ ಗಾಳಿ ಗುಡುಗಿನ ಅಡ್ಡಮಳಿ ಬ್ಯಾರೆ, ಜೂನ್ ಬಂದ್ರ ಮುಂಗಾರು, ಮಲೆನಾಡಿನ ಅಂಚಿನ ಊರು ಇದು, ಜಿಟಿಜಿಟಿ ಹಿಡೀತಂದ್ರ ಅರಿವಿ ಒಣಗೂದಿಲ್ಲ. ಹೋದ ವರ್ಷ ನನ್ನ ರೂಮ್‌ಮೇಟ್ ಒಂದು ಪಿಜಿದಾಗ ಪಾವಟಿಗಿ ಕೆಳಗಿನ ಸಣ್ಣ ಖೋಲ್ಯಾಗ ಫ್ರೀ ಅಂತ ಸಾಮಾನ ಇಟ್ಟಿದ್ಲು, ಬಂದು ನೋಡಿದ್ರ ಗಾದಿ ತುಂಬ ಬೂಷ್ಟು, ನೋಟ್ಸ್ ಎಲ್ಲಾ ಒಂದಕ್ಕೊಂದು ಅಂಟಕೊಂಡು ಹಾಳಿ ಬಿಡಿಸಾಕ ಬರವಲ್ದು, ಆಕಿ ಅತ್ತಿದ್ದು ನೋಡಿ ನನಗೂ ಕಣ್ಣಾಗ ನೀರು ಬಂತು. ಕೇಳಿದ್ರ ಫ್ರೀ ಇಟ್ಟಿದ್ವಿ ಇನ್ನೇನ್ ಬೇಕು ಅಂದ್ರು. ಹಿಂಗಾಗಿ ಹೇಳ್ತೀನಿ, ಜಾಗಾ ನೋಡಾಕ ಹೋದ್ರ ರೇಟ್ ಕೇಳೂಕಿಂತ ಮೊದ್ಲ ನೆಲ ನೋಡ್ರಿ, ಮ್ಯಾಲ ಪತ್ರಾಸ ನೋಡ್ರಿ, ಗ್ವಾಡಿ ಕೆಳಗ ಬಣ್ಣ ಉಬ್ಬೇತೇನು ಅಂತ ಕೈ ಹಚ್ಚಿ ನೋಡ್ರಿ.

ಇಲ್ಲಿ ಸಾಮಾನ ಒಳಗ ತೊಗೊಳ್ಳೂವಾಗ ಗೋಡೌನ್ ನೋಡ್ಕೊಳ್ಳೂ ಕಾಕಾ ಒಂದೊಂದ ಎತ್ತಿ ನೋಡ್ತಾರ. ತಿನ್ನೂದು ಏನೂ ಇಡಬ್ಯಾಡ ತಂಗಿ, ಶೇಂಗಾ ಚಟ್ನಿ, ಕಡಕ್ ರೊಟ್ಟಿ, ಫೇಡಾ ಡಬ್ಬಿ ಏನಿದ್ರೂ ಈಗ ತಗದು ಕೊಡು, ಒಬ್ರ ಡಬ್ಬಿ ವಾಸನಿಗೆ ಇಲಿ ಬಂದ್ರ ಎಲ್ಲಾರ ಪುಸ್ತಕಾ ಹೋಗ್ತಾವ ಅಂದ್ರು. ಸಣ್ಣ ಗ್ಯಾಸ್ ಸಿಲಿಂಡರ್, ಪವರ್ ಬ್ಯಾಂಕ್, ಲ್ಯಾಪ್‌ಟಾಪ್ ತೊಗೊಳ್ಳೂದ ಇಲ್ಲ, ಅದು ಸರಿನೂ ಐತಿ, ಆ ಸೆಕಿಯಾಗ ಬ್ಯಾಟರಿ ಮುಚ್ಚಿದ ಜಾಗಾದಾಗ ಇಡೂದು ಅಪಾಯ. ಕೂಲರ್ ನೀರು ಚೆಲ್ಲಿ ಹುಲ್ಲಿನ ಪ್ಯಾಡ್ ಒಣಗಿಸಿ ತಂದ್ರ ಅಷ್ಟ ಒಳಗ. ಗಾದಿಗೆ ಪ್ಲಾಸ್ಟಿಕ್ ಬಿಗದು ಸುತ್ತಿಸಿಕೊಂಡು ಬಂದವ್ರಿಗೆ ಅದನ್ನ ಬಿಚ್ಚಾಕ ಹಚ್ಚಿದ್ರು, ಒಳಗಿನ ತೇವ ಹೊರಗ ಹೋಗೂದಿಲ್ಲ ಅಂತ. ಒಂದು ದಿನ ಬಿಸಲಿಗೆ ಹಾಕಿ ಹಳೇ ಕಾಟನ್ ಚಾದರ ಸುತ್ತಿದ್ರ ಸಾಕು. ಅರಿವಿ ಟ್ರಂಕಿನ್ಯಾಗ ನುಸಿಗುಳಿಗಿ ನಾನ ಹಾಕಿದ್ದೆ.

ಆಮ್ಯಾಲ ಎಲ್ಲಾ ಸಾಮಾನಿಂದು ಪಟ್ಟಿ ಬರದು, ಕಾರ್ಬನ್ ಹಾಕಿ ಒಂದು ಚೀಟಿ ನಮಗ, ಒಂದು ಅವ್ರಿಗೆ, ಫೋಟೋ ತಗದು ವಾಟ್ಸಾಪ್ ಮಾಡ್ತಾರ, ಡಬ್ಬಿ ಮ್ಯಾಲ ಹೆಸರು ನಂಬರ್ ಮಾರ್ಕರ್‌ಲೆ ಬರೀತಾರ. ರೇಟು ತಿಂಗಳಿಗೆ ಡಬ್ಬಿಗೆ 80, ಟ್ರಂಕಿಗೆ 100, ಗಾದಿ ಕೂಲರಿಗೆ 150 ರೂಪಾಯಿ, ಸೈಕಲ್ ಇದ್ರ ಕೇಳ್ರಿ, ನಂದು ಇರಲಿಲ್ಲ. ಫೋನ್ ಪೇ ನಡೀತೈತಿ.

ಸೇರದ ಮಾತು ಅಂದ್ರ ಗಾಡಿದು. ಸಾಮಾನ ಒಯ್ಯಾಕ ಟಂಟಂ ರಿಕ್ಷಾ ಕಳಸ್ತೀನಿ ಅಂದವ್ರು ಪರೀಕ್ಷಾ ಮುಗಿದ ದಿನ ಮುಂಜಾನಿಂದ ಕಾಯಿಸಿ ಸಂಜಿಕ ಕಳಸಿದ್ರು, ರಾತ್ರಿ ಬಸ್ ತಪ್ಪತೈತೇನೋ ಅಂತ ಜೀವ ಹೋಗಿತ್ತು. ಎಲ್ಲಾ ಕಾಲೇಜಿನವ್ರೂ ಒಂದ ವಾರದಾಗ ಬರ್ತಾರ, ಗಾಡಿ ಒಂದ ಐತಿ, ಇನ್ನೊಂದು ಹಚ್ಚಬೇಕು ಕಾಕಾ. ಇನ್ನ ಬೆಂಕಿ, ಪ್ರವಾಹಕ್ಕ ಹೊಣಿ ಅಲ್ಲ ಅಂತ ಚೀಟಿ ಹಿಂದ ಸಣ್ಣ ಅಕ್ಷರದಾಗ ಬರದೈತಿ, ವಿಮಾ ಇಲ್ಲ, ಅದಕ್ಕ ಮಾರ್ಕ್ಸ್ ಕಾರ್ಡ್, ಬಂಗಾರ ಅಂಥಾದ್ದು ಏನೂ ಇಡಬ್ಯಾಡ್ರಿ. ಐತವಾರ ಬಂದ್ ಇರ್ತೈತಿ, ಶನಿವಾರ ರಾತ್ರಿ ಹೊಂಟು ಐತವಾರ ಬೆಳಕಾದ್ಮ್ಯಾಲ ಇಳಿದ್ರ ಆ ದಿನ ಗಾದಿ ಸಿಗೂದಿಲ್ಲ.

ವಾಪಸ್ ಬಂದ ದಿನ ಮಳಿ ಜೋರ್ ಇತ್ತು, ಟ್ರಂಕ್ ತಗದು ನೋಡಿದೆ, ಅರಿವಿ ಒಣಾ ಒಣಾ, ಪುಸ್ತಕ ಇಟ್ಟಂಗ ಅದಾವ, ಚೀಟಿ ಹಿಡದು ಒಂದೊಂದ ಟಿಕ್ ಹಾಕಿ ಕೊಟ್ರು. ಮುಂದಿನ ವರ್ಷನೂ ಇಲ್ಲೇ ಇಡ್ತೀನಿ. ನೀವು ಇಡೂರಿದ್ರ ಟೈಮ್ ಟೇಬಲ್ ಬಂದ ಕೂಡ್ಲೆ ಹೋಗಿ ಜಾಗಾ ಹೇಳಿ ಬರ್ರಿ, ಟಂಟಂ ಮಾತ್ರ ನೀವ ಬ್ಯಾರೆ ಕಡೆ ಗೊತ್ತು ಮಾಡ್ಕೊಳ್ರಿ.